ಸೈಕಲ್ ಕೊಟ್ಟರೆ ಸಾಲದು, ತುಳಿಯಲು ಕಲಿಸಬೇಕು



ಕಳೆದ ವರ್ಷ ಮನೆಗಳ ಆಶೀರ್ವಾದಕ್ಕೆಂದು ಕೌತಾಳಂ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ ದನದ ಕೊಟ್ಟಿಗೆಗೆ ತೀರ್ಥ ಚಿಮುಕಿಸಲು ಒಳಗೆ ಹೋದಾಗ, ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದ್ದ ಒಂದು ಲೇಡೀಸ್ ಸೈಕಲ್ ಕಣ್ಣಿಗೆ ಬಿತ್ತು. ಹಿಂದಿನ ಟೈರು ಇರಲಿಲ್ಲ. ಚೈನು ತುಕ್ಕು ಹಿಡಿದಿತ್ತು. ಇದು ಯಾರದೆಂದು ಮನೆಯ ಯಜಮಾನನನ್ನು ಕೇಳಿದೆವು.

"ನಮ್ಮ ದೊಡ್ಡ ಹುಡುಗಿಗೆ ಸರ್ಕಾರದೋರು ಕೊಟ್ಟಿದ್ದು ಫಾದರ್. ಆಕಿಗೆ ತುಳಿಯಾಕೆ ಬರಲಿಲ್ಲ. ಕಲಿಸೋರು ಯಾರಿದ್ರು? ಸ್ವಲ್ಪ ದಿನ ನಾನೇ ಹುಲ್ಲು ತರಾಕೆ ಇಟ್ಕೊಂಡೆ. ಆಮೇಲೆ ಟೈರು ಹೋತು, ಮ್ಯಾಲೆ ಕಟ್ಟಿಬಿಟ್ಟೆ" ಎಂದರು.

ಆ ದೊಡ್ಡ ಹುಡುಗಿಯ ಹೈಸ್ಕೂಲು ಮನೆಯಿಂದ ಆರು ಕಿಲೋಮೀಟರ್ ದೂರ. ಕೆಲವು ತಿಂಗಳು ಗೆಳತಿಯೊಬ್ಬಳ ಜೊತೆ ನಡೆದು ಹೋದಳು. ಗೆಳತಿ ಶಾಲೆ ಬಿಟ್ಟ ಮೇಲೆ ಒಬ್ಬಳೇ ಅಷ್ಟು ದೂರ ನಡೆಯಬಾರದೆಂದು ಮನೆಯವರೂ ನಿಲ್ಲಿಸಿದರು. ಆ ವರ್ಷ ದೀಪಾವಳಿ ಕಳೆದ ಮೇಲೆ ತಂದೆತಾಯಿಯ ಜೊತೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋದಳು. ಅದಾದ ಮರುವರ್ಷ ಮದುವೆ. ಇಂದು ಆಕೆ ಎರಡು ಮಕ್ಕಳ ತಾಯಿ. ಅವಳ ತಂಗಿ ಆಗ ಎಂಟನೆಯ ತರಗತಿಯಲ್ಲಿದ್ದಳು. ಕೊಟ್ಟಿಗೆಯ ಬಾಗಿಲ ಬಳಿ ನಿಂತು ಈ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳೂ ಒಂಬತ್ತನೆಯ ತರಗತಿಗೆ ಅದೇ ಆರು ಕಿಲೋಮೀಟರ್ ದೂರದ ಶಾಲೆಗೇ ಹೋಗಬೇಕು.

ಆ ಮನೆಯಿಂದ ಹೊರಟಾಗ ನಮ್ಮ ಮನಸ್ಸಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಸರ್ಕಾರ ಸೈಕಲ್ ಕೊಟ್ಟಿತು, ಸರಿ. ಅದನ್ನು ತುಳಿಯಲು ಕಲಿಸುವ ಕೆಲಸ ಯಾರದು? ಈ ಸಂಚಿಕೆಯ ಕೃಷಿ-ಆರೋಗ್ಯ ಅಂಕಣದಲ್ಲಿ ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತಿದ್ದೇವೆ. ಬೆಳೆಯ ಮಾತು ಬಿಟ್ಟು ಸೈಕಲ್ಲಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಓದಿ ನೋಡಿ, ಇದು ನಮ್ಮ ಹೊಲಗಳಿಗೂ ನಮ್ಮ ಮಕ್ಕಳ ಆರೋಗ್ಯಕ್ಕೂ ಸಂಬಂಧಿಸಿದ ಮಾತೇ ಆಗಿದೆ.

ನಮ್ಮ ಕಡೆಯ ಪರಿಸ್ಥಿತಿ

ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಇವೆಲ್ಲ ಮಳೆಯನ್ನು ನಂಬಿದ ಎರೆಭೂಮಿಯ ಊರುಗಳು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಸಿಕ್ಕವರು ಒಂದಿಷ್ಟು ಮಂದಿ. ಉಳಿದವರು ಹತ್ತಿ, ಕಡಲೆಕಾಯಿ, ಈರುಳ್ಳಿ, ಮೆಣಸಿನಕಾಯಿ ಹಾಕಿ ಆಕಾಶ ನೋಡುವವರು. 1953ರಲ್ಲಿ ಆಂಧ್ರ ರಾಜ್ಯ ಆಗುವವರೆಗೆ ಆದೋನಿ ಮತ್ತು ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು ಎಂಬುದು ನಮ್ಮ ಹಿರಿಯರಿಗೆ ನೆನಪಿದೆ. ಗಡಿ ಬದಲಾದರೂ ಮನೆಯ ಮಾತು ಕನ್ನಡವಾಗಿಯೇ ಉಳಿದಿದೆ. ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಆದರೆ ಅವು ಎಲ್ಲ ಹಳ್ಳಿಗಳಲ್ಲಿ ಇಲ್ಲ. ಕನ್ನಡದಲ್ಲೇ ಹೈಸ್ಕೂಲು ಓದಬೇಕೆಂದರೆ ನಮ್ಮ ಮಕ್ಕಳು ಇತರರಿಗಿಂತಲೂ ದೂರ ಹೋಗಬೇಕಾಗುತ್ತದೆ.

2011ರ ಜನಗಣತಿಯ ಪ್ರಕಾರ ಅಂದಿನ ಕರ್ನೂಲು ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ 60 ಮಂದಿ. ಹೆಂಗಸರಲ್ಲಿ ನೂರಕ್ಕೆ 50 ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆಂಧ್ರಪ್ರದೇಶದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 29 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಎಂದು ತಿಳಿದುಬಂತು. ಹೆಣ್ಣುಮಗು ಶಾಲೆ ಬಿಟ್ಟ ದಿನವೇ ಮನೆಯಲ್ಲಿ ಗಂಡಿನ ಮಾತು ಆರಂಭವಾಗುತ್ತದೆ ಎಂಬುದನ್ನು ನಾವು ನಿಮಗೆ ಹೇಳಬೇಕಾಗಿಲ್ಲ.

ಶಾಲೆ ಬಿಡಲು ಬಡತನ, ಗುಳೆ, ಮನೆಯ ಕೆಲಸ ಹೀಗೆ ಕಾರಣಗಳು ಹಲವು. ಅವನ್ನೆಲ್ಲ ಒಂದು ಸೈಕಲ್ ಪರಿಹರಿಸಲಾರದು. ಆದರೆ ದೂರ ಎಂಬ ಕಾರಣವನ್ನು ಅದು ಪರಿಹರಿಸಬಲ್ಲದು. ಆರು ಕಿಲೋಮೀಟರ್ ನಡೆಯಲು ಮಗುವಿಗೆ ಒಂದೂಕಾಲು ಗಂಟೆ ಬೇಕು. ಸೈಕಲ್ಲಿನ ಮೇಲೆ ಅರ್ಧ ಗಂಟೆ ಸಾಕು. ಹೋಗಿ ಬರುವುದರಲ್ಲಿ ದಿನಕ್ಕೆ ಒಂದೂವರೆ ಗಂಟೆ ಉಳಿಯುತ್ತದೆ. ಆ ಸಮಯದಲ್ಲಿ ಮಗು ಪಾಠ ಓದಬಹುದು, ತಾಯಿಗೆ ನೀರು ತಂದುಕೊಡಬಹುದು, ಹೊತ್ತು ಮುಳುಗುವ ಮೊದಲೇ ಮನೆ ಸೇರಬಹುದು.

ಸರ್ಕಾರಗಳು ಮಾಡಿದ್ದೇನು

ನಮ್ಮ ನೆರೆಯ ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಸಿಕ್ಕಿತು. ಸಿರುಗುಪ್ಪ, ಬಳ್ಳಾರಿ ಕಡೆ ನೆಂಟರ ಮನೆಗೆ ಹೋದಾಗ ಸಾಲುಸಾಲಾಗಿ ಸೈಕಲ್ಲಿನಲ್ಲಿ ಬರುವ ಮಕ್ಕಳನ್ನು ನೀವೂ ನೋಡಿದ್ದೀರಿ. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತಿತು. ನಮ್ಮ ಆಂಧ್ರ ಸರ್ಕಾರವೂ 2019ಕ್ಕೆ ಹಿಂದಿನ ವರ್ಷಗಳಲ್ಲಿ 'ಬಡಿಕೊಸ್ತಾ', ಎಂದರೆ 'ಶಾಲೆಗೆ ಬರುತ್ತೇನೆ' ಎಂಬ ಹೆಸರಿನಲ್ಲಿ ಸರ್ಕಾರಿ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಸೈಕಲ್ ಹಂಚಿತು. ಕೊಟ್ಟಿಗೆಯಲ್ಲಿ ನಾವು ಕಂಡದ್ದು ಆ ಸೈಕಲ್ಲುಗಳಲ್ಲಿ ಒಂದು.

ಈ ಯೋಜನೆಗಳಿಂದ ಪ್ರಯೋಜನವಾಯಿತೇ ಎಂದು ಕೇಳಿದರೆ ಬಿಹಾರದ ಉದಾಹರಣೆ ಕೊಡಬಹುದು. ಅಲ್ಲಿ 2006ರಿಂದ ಒಂಬತ್ತನೆಯ ತರಗತಿ ಸೇರಿದ ಪ್ರತಿ ಹೆಣ್ಣುಮಗುವಿಗೂ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಹೈಸ್ಕೂಲು ಸೇರುವ ಹೆಣ್ಣುಮಕ್ಕಳ ಸಂಖ್ಯೆ ಇದರಿಂದ ನೂರಕ್ಕೆ 32ರಷ್ಟು ಹೆಚ್ಚಿತೆಂದು 2017ರಲ್ಲಿ ಪ್ರಕಟಿಸಿದರು. ಹುಡುಗ ಹುಡುಗಿಯರ ನಡುವಿನ ಅಂತರ ನೂರಕ್ಕೆ 40ರಷ್ಟು ಇಳಿಯಿತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಹೆಚ್ಚಿನ ಲಾಭ ಕಂಡಿತು. ನಮ್ಮ ಎಷ್ಟೋ ಹಳ್ಳಿಗಳು ಅಂಥವೇ ಅಲ್ಲವೇ?

ಹಾಗಾದರೆ ನಮ್ಮ ಆ ಮನೆಯ ಸೈಕಲ್ ತೊಲೆ ಏರಿದ್ದೇಕೆ? ಹುಡುಗರು ಹೇಗೋ ಕಲಿತುಬಿಡುತ್ತಾರೆ. ನಾವು ಚಿಕ್ಕವರಿದ್ದಾಗ ಅಂಗಡಿಯಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು, ಸೀಟು ಎಟುಕದಿದ್ದರೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡು ಕಲಿತವರು. ನಮ್ಮ ತಂಗಿಯರಿಗೆ ಯಾರೂ ಆ ಬಾಡಿಗೆ ಕಾಸು ಕೊಡಲಿಲ್ಲ. ಅವರು ಬಿದ್ದರೆ ನಗುವವರಿದ್ದರೇ ಹೊರತು ಹಿಂದೆ ಓಡಿ ಹಿಡಿಯುವವರಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಶಾಲೆಯಲ್ಲಿ ಒಂದು ದಿನ ಹೊಸ ಸೈಕಲ್ ಕೊಟ್ಟು ಫೋಟೋ ತೆಗೆದು ಮನೆಗೆ ಹೋಗು ಎಂದರೆ, ಅವಳು ಅದನ್ನು ತಳ್ಳಿಕೊಂಡೇ ಹೋಗಬೇಕು.

ಪುದುಕ್ಕೋಟ್ಟೈ ಕಲಿಸಿದ ಪಾಠ

ಈ ವಿಷಯದಲ್ಲಿ ನಾವೆಲ್ಲರೂ ತಿಳಿಯಬೇಕಾದ ಜಿಲ್ಲೆಯೊಂದಿದೆ. ಅದು ತಮಿಳುನಾಡಿನ ಪುದುಕ್ಕೋಟ್ಟೈ. ನಮ್ಮಂತೆಯೇ ಬಿಸಿಲು, ಬರ, ಕಲ್ಲುಕ್ವಾರಿ ಕೂಲಿ ಇರುವ ಜಿಲ್ಲೆ. 1991ರಲ್ಲಿ ಅಲ್ಲಿ 'ಅರಿವೊಳಿ ಇಯಕ್ಕಂ', ಎಂದರೆ ಅರಿವಿನ ಬೆಳಕಿನ ಚಳವಳಿ, ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು, ಅಕ್ಷರದ ಜೊತೆಗೆ ಸೈಕಲ್ ತುಳಿಯುವುದನ್ನೂ ಹೆಂಗಸರಿಗೆ ಕಲಿಸಬೇಕೆಂದು ನಿರ್ಧರಿಸಿದರು. ತನ್ನ ಕಾಲ ಮೇಲೆ ತಾನು ಹೋಗಿಬರಲಾರದ ಹೆಂಗಸಿಗೆ ಅಕ್ಷರ ಬಂದರೂ ಪ್ರಯೋಜನ ಅರ್ಧವೇ ಎಂಬುದು ಅವರ ವಿಚಾರವಾಗಿತ್ತು.

ಅಲ್ಲಿ ಆದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಅವರು ಹಳ್ಳಿ ಹಳ್ಳಿ ತಿರುಗಿ ಕಂಡು ಬರೆದಿದ್ದಾರೆ. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕೂಲಿಯವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು, ಬಾಲವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕಿಯರು ಎಲ್ಲರೂ ಇದ್ದರು. ಮೊದಲು ಕಲಿತವರೇ ಮುಂದಿನವರಿಗೆ ಗುರುಗಳಾದರು. ಸೈಕಲ್ ಕೊಳ್ಳಲು ಬ್ಯಾಂಕ್ ಸಾಲ ಸಿಗುವಂತೆ ಜಿಲ್ಲಾಡಳಿತ ನೋಡಿಕೊಂಡಿತು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದೆಂದು ಕೆಲವರು ಅದನ್ನೇ ಮೆಚ್ಚಿದರು. ಆರಂಭದಲ್ಲಿ ಚುಚ್ಚುಮಾತು ಆಡಿದವರು ಇದ್ದರು. ಹೆಂಗಸರು ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದ ಮೇಲೆ ಚುಚ್ಚುಮಾತು ಆಡುವವರಿಗೆ ಕೇಳುವವರು ಸಿಗಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಪುದುಕ್ಕೋಟ್ಟೈ ಆಡಳಿತ ಹೆಚ್ಚಾಗಿ ಕೊಟ್ಟದ್ದು ಸೈಕಲ್ಲನ್ನಲ್ಲ, ಕಲಿಕೆಯನ್ನು. ಕಲಿತವರು ಸೈಕಲ್ಲನ್ನು ತಾವೇ ಹುಡುಕಿಕೊಂಡರು. ನಮ್ಮಲ್ಲಿ ಸೈಕಲ್ ಬಂತು, ಕಲಿಕೆ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರವೇ ಹಣ ಕೊಟ್ಟು ಶಾಲಾಮಕ್ಕಳಿಗೆ ಸೈಕಲ್ ತರಬೇತಿ ನಡೆಸುತ್ತದೆ. 2007ರಲ್ಲಿ ಆರಂಭವಾದ ಈ ಕ್ರಮದ ಹೆಸರು 'ಬೈಕೆಬಿಲಿಟಿ'. ಅದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ವಾಹನವಿಲ್ಲದ ಅಂಗಳದಲ್ಲಿ ಹತ್ತುವುದು, ಇಳಿಯುವುದು, ಬ್ರೇಕ್ ಹಿಡಿಯುವುದು. ಎರಡನೆಯದರಲ್ಲಿ ಗದ್ದಲ ಕಡಿಮೆಯಿರುವ ರಸ್ತೆ. ಮೂರನೆಯದರಲ್ಲಿ ವಾಹನ ಹೆಚ್ಚಿರುವ ರಸ್ತೆ ಮತ್ತು ಕೂಡುರಸ್ತೆ. ನೆದರ್ಲೆಂಡ್ಸ್ ದೇಶದ ಮಕ್ಕಳು ಪ್ರಾಥಮಿಕ ಶಾಲೆ ಬಿಡುವ ಮೊದಲು ರಸ್ತೆಯ ನಿಯಮಗಳ ಪರೀಕ್ಷೆಯನ್ನೇ ಬರೆಯುತ್ತಾರೆ. ಅವರು ಶ್ರೀಮಂತರು, ನಾವು ಬಡವರು ಎನ್ನಬೇಡಿ. ಅಂಗಳ, ಹಳ್ಳಿಯ ರಸ್ತೆ, ಹೆದ್ದಾರಿ ಎಂಬ ಈ ಮೂರು ಮೆಟ್ಟಿಲುಗಳಿಗೆ ಹೆಚ್ಚು ಹಣ ಬೇಕಿಲ್ಲ. ತಾಳ್ಮೆ ಇರುವ ಒಬ್ಬ ಹಿರಿಯರು ಬೇಕು, ಅಷ್ಟೇ.

ಆರೋಗ್ಯದ ಮಾತು

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಗೆ ಹೋಗಿಬರುವ ಸೈಕಲ್ ಸವಾರಿಯಲ್ಲಿ ಅದು ತಾನಾಗಿಯೇ ಸಿಗುತ್ತದೆ. ಹೃದಯ, ಶ್ವಾಸಕೋಶ, ತೊಡೆಯ ಸ್ನಾಯು ಎಲ್ಲವೂ ಗಟ್ಟಿಯಾಗುತ್ತವೆ.

"ಹುಡುಗಿ ಸೈಕಲ್ ತುಳಿದ್ರೆ ಗರ್ಭಕೋಶಕ್ಕೆ ತೊಂದ್ರೆ ಅಂತಾರಲ್ಲ ಫಾದರ್?" ಎಂದು ಒಬ್ಬ ತಾಯಿ ಸಂಕೋಚದಿಂದಲೇ ಕೇಳಿದರು. ನರ್ಸ್ ತರಬೇತಿ ಪಡೆದ ನಮ್ಮ ಸಿಸ್ಟರ್ ಅವರಿಂದಲೇ ಉತ್ತರ ಕೊಡಿಸಿದೆವು. ಅದು ಸುಳ್ಳು ನಂಬಿಕೆ. ಗರ್ಭಕೋಶ ಸೊಂಟದ ಮೂಳೆಗಳ ಒಳಗೆ ಭದ್ರವಾಗಿದೆ. ಸೈಕಲ್ ತುಳಿದ ಮಾತ್ರಕ್ಕೆ ಅದಕ್ಕೆ ಏನೂ ಆಗದು. ಮುಟ್ಟಿನ ದಿನಗಳಲ್ಲೂ ಹುಡುಗಿಗೆ ನೋವಿಲ್ಲದಿದ್ದರೆ ಸೈಕಲ್ ತುಳಿಯಬಹುದು. ತಲೆಯ ಮೇಲೆ ಎರಡು ಕೊಡ, ಕಂಕುಳಲ್ಲಿ ಒಂದು ಕೊಡ ಹೊತ್ತು ಬರುವಾಗ ಕೇಳದ ಪ್ರಶ್ನೆಯನ್ನು ಸೈಕಲ್ ಹತ್ತಿದಾಗ ಮಾತ್ರ ಏಕೆ ಕೇಳುತ್ತೇವೆ ಎಂದು ಸಿಸ್ಟರ್ ಕೇಳಿದಾಗ ತಾಯಂದಿರೆಲ್ಲ ನಕ್ಕರು.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಸ್ವಲ್ಪ ದೂರ ತುಳಿದೊಡನೆ ಮಗುವಿಗೆ ಏದುಸಿರು, ಕಣ್ಣುಕತ್ತಲೆ ಬಂದರೆ ಅದು ಸೈಕಲ್ಲಿನ ದೋಷವಲ್ಲ. ರಕ್ತಹೀನತೆ ಇರಬಹುದು. ನಮ್ಮ ರಾಜ್ಯದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 60ರಷ್ಟು ಮಂದಿಗೆ ರಕ್ತ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಮಕ್ಕಳು ಎಸೆಯದೆ ಊಟವಾದ ಮೇಲೆ ನುಂಗುವಂತೆ ನೋಡಿಕೊಳ್ಳಿರಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಳಿಸಬೇಡಿರಿ. ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ, ಮನೆಯಲ್ಲಿ ಬೆಳೆದ ಕಡಲೆಕಾಯಿ ಇವೇ ಸಾಕು. ಬೇಸಿಗೆಯಲ್ಲಿ ನೀರಿನ ಬಾಟಲಿ ಜೊತೆಗಿರಲಿ.

ಕಲಿಸುವ ಕ್ರಮ

ಕಳೆದ ಏಪ್ರಿಲಿನಲ್ಲಿ, ಪಾಸ್ಕ ಹಬ್ಬ ಮುಗಿದ ಮೇಲೆ, ನಮ್ಮ ದೇವಾಲಯದ ಅಂಗಳದಲ್ಲಿ ಯುವಕ ಯುವತಿಯರು ಮತ್ತು ಸಿಸ್ಟರ್‌ಗಳು ಸೇರಿ ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಮಕ್ಕಳಿಗೆ ಸೈಕಲ್ ಕಲಿಸಿದರು. ಹಳೆಯ ಸೈಕಲ್ಲುಗಳನ್ನು ಮನೆಮನೆಯಿಂದ ಬೇಡಿ ತಂದೆವು. ಯಾವ ಮತದವರೆಂದು ಕೇಳದೆ ಬಂದ ಮಕ್ಕಳಿಗೆಲ್ಲ ಕಲಿಸಿದೆವು. ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇವೆ. ನಿಮ್ಮ ಊರಿನಲ್ಲಿಯೂ ಮಾಡಿ ನೋಡಿರಿ.

ಒಂದು: ಕಲಿಯುವಾಗ ಸೀಟನ್ನು ಪೂರ್ತಿ ಕೆಳಗಿಳಿಸಿರಿ. ಕುಳಿತರೆ ಎರಡೂ ಪಾದ ನೆಲಕ್ಕೆ ಮುಟ್ಟಬೇಕು. ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಎರಡು: ಪೆಡಲ್‌ಗಳನ್ನು ಬಿಚ್ಚಿಬಿಡಿರಿ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಮರೆ ಕೆಡಿಸಿಕೊಂಡವರಲ್ಲಿ ನಾವೂ ಒಬ್ಬರು. ಪೆಡಲ್ ಇಲ್ಲದ ಸೈಕಲ್ಲಿನ ಮೇಲೆ ಕುಳಿತು ಮಗು ಕಾಲಿನಿಂದ ನೆಲವನ್ನು ತಳ್ಳಿಕೊಂಡು ಹೋಗಲಿ. ಎರಡು ಮೂರು ದಿನಗಳಲ್ಲಿ ಕಾಲೆತ್ತಿ ತೇಲಿಕೊಂಡು ಹೋಗುವಷ್ಟು ಸಮತೋಲ ಬರುತ್ತದೆ.

ಮೂರು: ಪೆಡಲ್ ಹಾಕುವ ಮೊದಲೇ ಬ್ರೇಕ್ ಕಲಿಸಿರಿ. ಎರಡು ಬ್ರೇಕ್‌ಗಳನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕು. ಮುಂದಿನದನ್ನು ಮಾತ್ರ ಗಬಕ್ಕನೆ ಹಿಡಿದರೆ ಸೈಕಲ್ ಮುಂದಕ್ಕೆ ಪಲ್ಟಿಯಾಗುತ್ತದೆ.

ನಾಲ್ಕು: ಹಿಡಿದುಕೊಳ್ಳುವವರು ಹ್ಯಾಂಡಲನ್ನು ಹಿಡಿಯಬಾರದು. ಸೀಟಿನ ಹಿಂಭಾಗವನ್ನೋ ಮಗುವಿನ ಬೆನ್ನನ್ನೋ ಹಿಡಿಯಬೇಕು. ಹ್ಯಾಂಡಲ್ ಮಗುವಿನದೇ ಆಗಿರಲಿ.

ಐದು: ದುಪಟ್ಟಾವನ್ನು ಎದೆಯ ಮೇಲಿಂದ ತಂದು ಸೊಂಟಕ್ಕೆ ಕಟ್ಟಿರಿ. ಚೈನಿನ ಕಡೆಯ ಪ್ಯಾಂಟಿನ ತುದಿಯನ್ನು ಮಡಚಿರಿ ಅಥವಾ ರಬ್ಬರ್ ಬ್ಯಾಂಡ್ ಹಾಕಿರಿ. ಬಟ್ಟೆ ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತವನ್ನು ಇಷ್ಟರಿಂದಲೇ ತಪ್ಪಿಸಬಹುದು.

ಆರು: ಪಂಕ್ಚರ್ ಹಾಕಲು ಕಲಿಸಿರಿ. ನಮ್ಮ ಕಡೆ ದಾರಿಯುದ್ದಕ್ಕೂ ಬಳ್ಳಾರಿ ಜಾಲಿ ಮುಳ್ಳು. ಪಂಕ್ಚರ್ ಹಾಕಲು ಬಾರದ ಮಗುವಿನ ಸೈಕಲ್ ವಾರದೊಳಗೆ ಮೂಲೆ ಸೇರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರ ತಿರುಗದಂತಾಗುತ್ತದೆ, ಅದನ್ನು ಕೆರೆಯಲು ಒಂದು ಕಡ್ಡಿ ಜೊತೆಗಿರಲಿ.

ಅಂಗಳದಲ್ಲಿ ಪಳಗಿದ ಮೇಲೆ ಹಳ್ಳಿಯ ರಸ್ತೆ. ನಡೆಯುವವರು ಬಲಬದಿಯಲ್ಲಿ ಎದುರಿನ ವಾಹನ ನೋಡುತ್ತ ನಡೆಯಬೇಕು, ಸೈಕಲ್ಲಿನವರು ಎಡಬದಿಯಲ್ಲೇ ಹೋಗಬೇಕು. ತಿರುಗುವ ಮೊದಲು ಹಿಂದೆ ನೋಡಿ ಕೈ ತೋರಿಸಬೇಕು. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಮಾತನಾಡುತ್ತ ಜೋಡಿಯಾಗಿ ಬೇಡ. ಕಾಲುವೆಯ ಏರಿಯ ಮೇಲಂತೂ ಬೇಡವೇ ಬೇಡ. ಹಳ್ಳಿಯ ದಾರಿ ಆದೋನಿ, ಎಮ್ಮಿಗನೂರು ಹೆದ್ದಾರಿಯನ್ನು ದಾಟುವಲ್ಲಿ ಇಳಿದು ತಳ್ಳಿಕೊಂಡೇ ದಾಟಬೇಕು. ಹೆಲ್ಮೆಟ್ ಹಾಕಿದರೆ ಗಂಭೀರವಾದ ತಲೆಪೆಟ್ಟು ಅರ್ಧಕ್ಕಿಂತ ಹೆಚ್ಚು ತಪ್ಪುತ್ತದೆಂದು ಅಧ್ಯಯನಗಳು ತೋರಿಸಿವೆ. ಕೊಳ್ಳಲು ಶಕ್ತಿ ಇದ್ದವರು ಕೊಡಿಸಿರಿ.

ಹಿರಿಯರ ಹೊಣೆ

ಮಕ್ಕಳಿಗೆ ಕಲಿಸಿದರೆ ಮುಗಿಯಲಿಲ್ಲ. ರೈತರಾದ ನಮಗೂ ಹೇಳಬೇಕಾದ ಮಾತಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಸಾವಿರಾರು ಮಂದಿ ಸೈಕಲ್ ಸವಾರರು. ಹತ್ತಿ ಬಿಡಿಸುವ ಕಾಲದಲ್ಲಿ ಆದೋನಿ ಮಾರುಕಟ್ಟೆಗೆ ಹೋಗುವ ಎಷ್ಟು ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹಿಂದೆ ದೀಪವಿದೆ? ಹತ್ತಿಯ ಅಂಡಿಗೆ ಎರಡೂ ಬದಿಗೆ ಚಾಚಿಕೊಂಡು ರಸ್ತೆಯನ್ನೆಲ್ಲ ಆವರಿಸಿರುತ್ತದೆ. ಎಡಬದಿಯ ಮಗು ಎಲ್ಲಿಗೆ ಸರಿಯಬೇಕು? ಟ್ರಾಲಿಯ ಹಿಂದೆ ಕೆಂಪಾಗಿ ಹೊಳೆಯುವ ಪಟ್ಟಿ ಅಂಟಿಸಲು ಹೆಚ್ಚು ಖರ್ಚಿಲ್ಲ. ಅದರಲ್ಲೇ ಒಂದು ತುಂಡನ್ನು ಮಗುವಿನ ಸೈಕಲ್ಲಿನ ಮಡ್‌ಗಾರ್ಡಿಗೂ ಅಂಟಿಸಿರಿ.

ಕಣ ಮಾಡಲು ಜಾಗವಿಲ್ಲವೆಂದು ನವಣೆ, ಜೋಳ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತೇವೆ. ವಾಹನ ತುಳಿದು ಹೋಗದಂತೆ ಅಂಚಿಗೆ ಕಲ್ಲು ಇಡುತ್ತೇವೆ. ಸೈಕಲ್ ಚಕ್ರ ಅದರ ಮೇಲೆ ಜಾರುತ್ತದೆ, ಸಂಜೆಗತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಬೇಲಿಗೆಂದು ಕಡಿದ ಜಾಲಿಯ ಕೊಂಬೆಗಳನ್ನು ಶಾಲೆಯ ದಾರಿಯಲ್ಲಿ ಎಳೆದುಕೊಂಡು ಹೋಗುತ್ತೇವೆ. ಇವೆಲ್ಲ ನಮ್ಮ ಕೈಯಲ್ಲಿರುವ ಕೆಲಸಗಳು. ಇದಕ್ಕೆ ಸರ್ಕಾರ ಬರಬೇಕಾಗಿಲ್ಲ.

ಸರ್ಕಾರದಿಂದ ಏನು ಕೇಳಬೇಕು

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೂ ವರ್ಷಕ್ಕೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಹೈಸ್ಕೂಲಿಗೆ 25,000 ರೂಪಾಯಿವರೆಗೆ. ಅದೇ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡಲು ಹಣವಿದೆ. ಹೊಡೆಯಲು ಬಂದವನನ್ನು ತಡೆಯುವುದನ್ನು ಮೂರು ತಿಂಗಳು ಕಲಿಸುವ ಸರ್ಕಾರ, ಶಾಲೆಗೆ ತಾನೇ ಹೋಗಿಬರುವುದನ್ನು ಮೂರು ವಾರ ಕಲಿಸಲಾರದೇ? ಸೈಕಲ್ ತರಬೇತಿಯೂ ಆಟದ ಪಾಠದ ಒಂದು ಭಾಗವಾಗಲಿ, ಏಳು ಮತ್ತು ಎಂಟನೆಯ ತರಗತಿಯಲ್ಲೇ ನಡೆಯಲಿ, ಪ್ರತಿ ಶಾಲೆಯಲ್ಲಿ ಕಲಿಕೆಗೆಂದು ನಾಲ್ಕು ಸೈಕಲ್ ಇರಲಿ ಎಂದು ನಾವು ಕೇಳಬೇಕು. ಮುಂದೆ ಯಾವ ಸರ್ಕಾರ ಸೈಕಲ್ ಹಂಚಿದರೂ ಅದರ ಜೊತೆಗೆ ಕಲಿಕೆಯೂ ಬರಬೇಕು.

ಕೇಳುವ ಜಾಗವೂ ಇದೆ. ಶಾಲೆಯ ಪೋಷಕರ ಸಮಿತಿಯಲ್ಲಿ ನಿಮ್ಮಲ್ಲಿ ಕೆಲವರು ಸದಸ್ಯರು. ಸಹಿ ಹಾಕಿ ಬರುವುದಷ್ಟೇ ಸದಸ್ಯತ್ವವಲ್ಲ. ಸಭೆಯಲ್ಲಿ ಈ ವಿಷಯ ಎತ್ತಿರಿ, ಹೆಡ್‌ಮಾಸ್ತರರ ಜೊತೆ ವಿನಯದಿಂದ ಮಾತನಾಡಿರಿ, ನಿರ್ಣಯ ಬರೆಸಿರಿ. ಅದರ ಪ್ರತಿಯನ್ನು ಮಂಡಲ ಶಿಕ್ಷಣಾಧಿಕಾರಿಗೂ, ಸೋಮವಾರದ ಅಹವಾಲು ಸಭೆಗೂ ಕೊಡಿರಿ. ಅರ್ಜಿ ಬರೆಯಲು ಬಾರದವರು ಭಾನುವಾರ ಬಲಿಪೂಜೆಯ ನಂತರ ನಮ್ಮ ಬಳಿ ಬನ್ನಿರಿ, ಬರೆದುಕೊಡುತ್ತೇವೆ.

"ಮಂದಿ ಏನಂತಾರೆ?" ಎನ್ನುವವರಿಗೆ ಒಂದು ಮಾತು. ದೇವದೂತನ ಸಂದೇಶ ಕೇಳಿದ ಮರಿಯ, ಇನ್ನೂ ಎಳೆಯ ವಯಸ್ಸಿನವಳು, ಬಂಧು ಎಲಿಜಬೇತಳನ್ನು ಕಾಣಲು ಗುಡ್ಡಗಾಡಿನ ದಾರಿ ಹಿಡಿದು ಅವಸರದಿಂದ ಹೊರಟಳೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ಒಳ್ಳೆಯ ಕೆಲಸಕ್ಕೆ ಹೊರಟ ಹೆಣ್ಣುಮಗುವಿನ ದಾರಿಯನ್ನು ದೇವರು ಆಶೀರ್ವದಿಸಿದರೇ ಹೊರತು ಅಡ್ಡಗಟ್ಟಲಿಲ್ಲ. ಇಟಲಿಯಲ್ಲಿ ಘಿಸಾಲ್ಲೋ ಎಂಬ ಬೆಟ್ಟದ ಮೇಲೆ ಮಾತೆ ಮರಿಯಮ್ಮನವರ ಪುಟ್ಟ ದೇವಾಲಯವಿದೆ. 1949ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಅವರು ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ನಮ್ಮ ಮಕ್ಕಳನ್ನೂ ಆ ತಾಯಿಯ ಕೈಗೆ ಒಪ್ಪಿಸೋಣ. ಒಪ್ಪಿಸುವ ಮೊದಲು ಬ್ರೇಕ್ ಸರಿಯಿದೆಯೇ ಎಂದು ನೋಡೋಣ.

ಕೊನೆಯದಾಗಿ, ಆ ಮನೆಯ ವಿಷಯ. ಬೇಸಿಗೆ ತರಬೇತಿಗೆ ಬರಲು ಆ ತಂಗಿಗೆ ತಂದೆಯ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ನಾವು ಎರಡು ಸಲ ಹೋಗಿ ಮಾತನಾಡಿದೆವು. ಮೂರನೆಯ ಸಲ ಹೋಗುವಷ್ಟರಲ್ಲಿ ಅಕ್ಕನೇ ಗಂಡನ ಮನೆಯಿಂದ ಬಂದಿದ್ದಳು. "ಯಪ್ಪಾ, ನನಗಂತೂ ಆಗ್ಲಿಲ್ಲ, ಆಕಿಗಾದ್ರೂ ಕಲಿಸು" ಎಂದು ಅವಳು ಹೇಳಿದ ಮೇಲೆ ತಂದೆ ಎದ್ದು ಹೋಗಿ ತೊಲೆಯ ಹಗ್ಗ ಬಿಚ್ಚಿದರು. ಹೊಸ ಟೈರು, ಟ್ಯೂಬು, ಚೈನು ಹಾಕಿಸಿದ್ದಾರೆ. ಜೂನಿನಿಂದ ತಂಗಿ ಅದೇ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಅವಳನ್ನು ನೋಡಿ ಅದೇ ಊರಿನ ಇನ್ನಿಬ್ಬರು ಹುಡುಗಿಯರು ಜೊತೆಗೂಡಿದ್ದಾರೆ. ಈ ಸಲ ಗುಳೆ ಹೋಗುವಾಗ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದಾಗಿ ತಂದೆ ಮಾತು ಕೊಟ್ಟಿದ್ದಾರೆ. ಆ ಮಾತನ್ನು ಅವರು ಉಳಿಸಿಕೊಳ್ಳುವಂತೆ ನೀವೂ ಪ್ರಾರ್ಥಿಸಿರಿ. ನಿಮ್ಮ ಮನೆಯ ತೊಲೆಯನ್ನೂ ಒಮ್ಮೆ ತಲೆಯೆತ್ತಿ ನೋಡಿರಿ.

ದೇವರು ನಿಮ್ಮ ಹೊಲಮನೆಗಳನ್ನೂ ಮಕ್ಕಳನ್ನೂ ಆಶೀರ್ವದಿಸಲಿ.